ನಂಬುವಂಥ ಪಾತ್ರ ಸೃಷ್ಟಿಸುವ ವಿಧಾನ

ಕಥೆ ಬರೆಯುವುದನ್ನು ಕಲಿಸಲು ಹೊರಟವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಮೈಸೂರಿನ ಗೋಕುಲಂನ ಒಂದು ಮನೆಯ ಮಹಡಿಯಲ್ಲಿ ಭಾನುವಾರ ಭಾನುವಾರ ನನ್ನ ಕಥಾ ಕಮ್ಮಟ. ಸಾಹಿತ್ಯ ಸೇವೆಯೆಂದು ಮನೆ ಯಜಮಾನರು ಪುಕ್ಕಟೆ ಜಾಗ ಕೊಟ್ಟಿದ್ದಾರೆ. ಆದರೆ ಪಾಠ ಇನ್ನೂ ನಡೆಯುತ್ತಿರುವಾಗಲೇ ಕೆಳಗಿನಿಂದ ಮೇನ್ ಸ್ವಿಚ್ ಆರಿಸಿಬಿಡುತ್ತಾರೆ. ಫ್ಯಾನ್ ನಿಂತರೆ ನಾವು ಏಳಬೇಕೆಂದು ಅರ್ಥ. ಈ ಜಾಗ ತಪ್ಪಿದರೆ ಕಮ್ಮಟವೇ ಮುಚ್ಚಬೇಕು, ಹಾಗಾಗಿ ಬೆವರು ಒರೆಸಿಕೊಂಡು ಸುಮ್ಮನಿರುತ್ತೇನೆ.

ವಿಧಿ ಮತ್ತು ಬಸ್ಸು

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಹೆಬ್ಬಾಳದ ಕಾರ್ಖಾನೆ ಕಾರ್ಮಿಕನ ಕಥೆ ತಂದರು. ಶಿಫ್ಟಿನ ಬಸ್ಸು ತಪ್ಪಿದ ಕೂಡಲೇ ಆತ, "ಎಲೈ ವಿಧಿಯೇ, ನಿನ್ನ ಲೀಲೆ ಅಗಾಧ" ಎನ್ನುತ್ತಾನೆ.

"ಬಸ್ ತಪ್ಪಿದೋನು ಹಿಂಗೆ ಮಾತಾಡ್ತಾನಾ ಸಾರ್? ಅಂಥವರ ಹತ್ರ ಯಾವತ್ತಾದ್ರೂ ಮಾತಾಡಿದೀರಾ?" ಎಂದೆ.

"ಮಾತಾಡೋದ್ಯಾಕೆ ಮೇಷ್ಟ್ರೇ? ಬರೆದೇ ಬುಟ್ಟಿದೀನಲ್ಲ."

ಇನ್ನು ಮುಂದೆ ಕಣ್ಣಾರೆ ಕಂಡವರ ಬಗ್ಗೆ ಮಾತ್ರ ಬರೆಯಿರಿ ಎಂದು ಕೈಮುಗಿದೆ.

ಅತ್ತೆಗೊಂದು ಒಳ್ಳೆಯ ಗುಣ

ಒಬ್ಬ ಗೃಹಿಣಿಯ ಕಥೆಯಲ್ಲಿ ಅತ್ತೆ ಬರೀ ರಾಕ್ಷಸಿ. "ಒಂದಾದ್ರೂ ಒಳ್ಳೇ ಗುಣ ಕೊಡಿ ತಾಯಿ, ಆಗ ಓದೋರು ನಂಬ್ತಾರೆ" ಎಂದೆ. ಮುಂದಿನ ವಾರದ ಹೊತ್ತಿಗೆ ಅತ್ತೆ ಸೊಗಸಾಗಿ ಮೈಸೂರು ಪಾಕ್ ಮಾಡುತ್ತಿದ್ದಳು. ಸೊಸೆಗೆ ಮಾತ್ರ ಒಂದು ಚೂರೂ ಕೊಡುತ್ತಿರಲಿಲ್ಲ.

"ಇದು ನಿಮ್ಮತ್ತೇನೇ ಅಲ್ವಾ?"

"ಛೆ ಛೆ, ಪೂರ್ತಿ ಕಲ್ಪನೆ ಮೇಷ್ಟ್ರೇ. ನಮ್ಮತ್ತೆಗೆ ಮೈಸೂರು ಪಾಕೂ ಬರಲ್ಲ."

ಅಧ್ಯಕ್ಷರ ಮಾತು

ಕಮ್ಮಟದ ಕೊನೆಯ ದಿನ ಕಥಾವಾಚನ. ಜಾಗ ಕೊಟ್ಟವರನ್ನು ಅಧ್ಯಕ್ಷರನ್ನಾಗಿ ಮಾಡಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸುವುದು ನಮ್ಮೂರಿನ ಮರ್ಯಾದೆ. ಯಜಮಾನರು ಪೇಟ ತೊಟ್ಟು ಕೂತರು. ಬ್ಯಾಂಕಿನವರು ಓದಲು ಎದ್ದರು. ಈ ಸಲದ ಕಥಾನಾಯಕ ಒಬ್ಬ ಮನೆ ಮಾಲೀಕ. ಮಹಡಿಯಲ್ಲಿ ಪಾಠ ನಡೆಯುತ್ತಿರುವಾಗಲೇ ಕೆಳಗೆ ಸ್ವಿಚ್ ಆರಿಸುವ ಜಿಪುಣ.

ಓದು ನಿಲ್ಲಿಸಿ ಎಂದು ನಾನು ಸನ್ನೆ ಮಾಡಿದರೆ, "ನೀವೇ ಹೇಳಿದ್ರಲ್ಲ, ಕಂಡೋರ ಬಗ್ಗೆ ಬರೀರಿ ಅಂತ" ಎಂದು ಗಟ್ಟಿಯಾಗಿ ಹೇಳಿ ಓದು ಮುಂದುವರಿಸಿದರು. ಕಮ್ಮಟದ ಕಥೆ ಮುಗಿಯಿತು ಎಂದುಕೊಂಡೆ.

ಅಧ್ಯಕ್ಷರು ಎದ್ದು ಗಂಟಲು ಸರಿಮಾಡಿಕೊಂಡರು. "ಭಾಷೆ ಪರವಾಗಿಲ್ಲ. ಆದ್ರೆ ಪಾತ್ರ ನಂಬೋ ಹಂಗಿಲ್ಲ ಕಣ್ರೀ. ಜನ ಕೂತಿದ್ದಾಗ್ಲೇ ಸ್ವಿಚ್ ಆರಿಸೋ ಅಂಥ ಚಿಲ್ಲರೆ ಮನುಷ್ಯ ಮೈಸೂರಲ್ಲಿ ಎಲ್ಲಿದಾನೆ? ಮೇಷ್ಟ್ರೇ, ಸ್ವಲ್ಪ ಸರಿಯಾಗಿ ಕಲಿಸಿ."

ಪೇಟ ಸರಿಪಡಿಸಿಕೊಂಡು ಮೆಟ್ಟಿಲಿಳಿದು ಹೋದರು. ವಂದನಾರ್ಪಣೆಗೆ ನಾನು ಎದ್ದೆ. "ಮಾನ್ಯ ಅಧ್ಯಕ್ಷರಿಗೆ" ಎನ್ನುವಷ್ಟರಲ್ಲಿ ಫ್ಯಾನ್ ನಿಂತಿತು.