ಹದಿನಾರು ಅಂಕಿಯ ಮಷೀನು ಮತ್ತು ನನ್ನ ಮದುವೆ

ಮಷೀನು ದೊಡ್ಡದಾದರೆ ಕೆಲಸ ಸಣ್ಣದಾಗುತ್ತದೆ ಎಂದು ಮೇಲಿನವರಿಗೆ ಅನ್ನಿಸಿದಾಗಲೆಲ್ಲ ಕೆಳಗಿನವರ ಬಾಳಿನಲ್ಲಿ ಏನಾದರೊಂದು ಫಜೀತಿ ಆಗೇ ಆಗುತ್ತದೆ.

ಎಪ್ಪತ್ತರ ದಶಕ. ನಾನು ಬಸವನ ಬಾಗೇವಾಡಿಯ ಕಾಲುವೆ ಸರ್ವೆ ಕಚೇರಿಯಲ್ಲಿ ಲೆಕ್ಕ ಮಾಡುವವ. ನಮ್ಮಲ್ಲಿ ಲೆಕ್ಕ ಮಾಡುವ ಎಂಟು ಅಂಕಿಯ ಹಳೆಯ ಮಷೀನಿತ್ತು. ಅಂಕಿ ಹೊಂದಿಸಿ ಹಿಡಿಕೆ ಮುಂದಕ್ಕೆ ತಿರುವಿದರೆ ಗುಣಾಕಾರ, ಹಿಂದಕ್ಕೆ ತಿರುವಿದರೆ ಭಾಗಾಕಾರ. ಒಂದು ಸುತ್ತು ಹೆಚ್ಚಾದರೆ ಒಳಗಿನ ಗಂಟೆ ಬಾರಿಸಬೇಕು. ಆ ಗಂಟೆ ಒಡೆದುಹೋಗಿ ಮುದುಕ ಕೆಮ್ಮಿದಂತೆ ಕೇಳುತ್ತಿತ್ತು. ಅದರ ಜಾಗಕ್ಕೆ ಹದಿನಾರು ಅಂಕಿಯದು ಬಂತು. ಹಳೆಯದನ್ನು ವಿಜಾಪುರಕ್ಕೆ ವಾಪಸ್ ಕಳಿಸಿದೆ ಎಂದರು ನಮ್ಮ ಇಂಜಿನಿಯರ್ ಸಾಹೇಬರು.

ಆಗಲೇ ತಾಳಿಕೋಟೆಯ ಹುಡುಗಿಯೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ಸಾಹೇಬರು ಒಂದೇ ಮಾತು ಹೇಳಿದರು: "ಹೊಸಾ ಮಷೀನಿನ ಮ್ಯಾಲ ಕಾಲುವಿ ಲೆಕ್ಕ ಮುಗಸು, ರಜಾ ತೊಗೊಂಡ ಹೋಗು."

ಚಹಾಕ್ಕೆ ಮೊದಲು, ಚಹಾದ ನಂತರ

ಮಷೀನು ಇಡೀ ಮೇಜನ್ನು ನುಂಗಿತು. ನಾನು ಕಾಗದ ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದೆ. ಒಮ್ಮೆ ಓವರ್‌ಸಿಯರರು ಬಂದು ಹನ್ನೆರಡು ನಾಲ್ಕಲೆ ಎಷ್ಟು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ತಡೆದರು: "ಬಾಯಿಲೆ ಹೇಳಬ್ಯಾಡ. ಮಷೀನಿನ ಮ್ಯಾಲ ಹಾಕು."

ಅಂಕಿ ಹೊಂದಿಸುವ ಹದಿನಾರು ಕಡ್ಡಿಗಳನ್ನೂ ಸೊನ್ನೆಗೆ ತಂದು, ಹನ್ನೆರಡು ಹೊಂದಿಸಿ, ಬಿಗಿಯಾದ ಹಿಡಿಕೆಯನ್ನು ಎರಡೂ ಕೈಯಿಂದ ನಾಲ್ಕು ಸಲ ತಿರುವಿದೆ. ಓವರ್‌ಸಿಯರರು ಚಹಾ ಕುಡಿದು ಬಂದರು.

"ಎಷ್ಟಾತು?"

"ನಲವತ್ತೆಂಟ್ರಿ."

"ಹಳೇದರಾಗ ಎಷ್ಟ ಆಗತಿತ್ತು?"

"ಅದರಾಗೂ ನಲವತ್ತೆಂಟ ಆಗತಿತ್ರಿ. ಆದ್ರ ಚಾಕ್ಕಿಂತ ಮೊದಲ ಆಗತಿತ್ತು."

ಕಡೆಯ ಅಂಕಿ

ಹದಿನಾರೂ ಅಂಕಿ ತುಂಬಲೇಬೇಕು ಎಂದು ಸಾಹೇಬರ ಹಟ. ಸರಕಾರ ಇಷ್ಟು ಅಂಕಿ ಕೊಟ್ಟದ್ದು ಸುಮ್ಮನೆಯೇ ಎನ್ನುವರು. ಹೀಗಾಗಿ ಕಚೇರಿಗೆ ಬಂದಿದ್ದ ಮುದ್ದೇಬಿಹಾಳದ ಕಡೆಯ ರೈತರೊಬ್ಬರ ಹೊಲದಲ್ಲಿ ಕಾಲುವೆಗೆ ಹೋಗುವ ಜಾಗವನ್ನು ನಾನು ಓದಿ ಹೇಳತೊಡಗಿದರೆ ಮುಗಿಯಲೇ ಇಲ್ಲ. ಎರಡು ಎಕರೆಯ ನಂತರ ಪಾಯಿಂಟು, ಪಾಯಿಂಟಿನ ನಂತರ ಅಂಕಿಗಳ ದಿಂಡಿ ಮೆರವಣಿಗೆಯೇ ಹೊರಟಿತ್ತು. ರೈತರು ಒಂದು ಬೀಡಿ ಸೇದಿ ಮುಗಿಸಿದರು.

"ಸಾಹೇಬ್ರ, ಆ ಕಡೀ ಅಂಕಿ ನನ್ನ ಹೊಲದಾಗ ಎಲ್ಲಿ ಬರತೈತ್ರಿ?"

"ಅದು ಕಣ್ಣಿಗೆ ಕಾಣಲಾರದಷ್ಟ ಸಣ್ಣ ಜಾಗಾ," ಎಂದರು ಸಾಹೇಬರು.

ರೈತರು ಎದ್ದು ಕೈಮುಗಿದರು. "ಹಂಗಾರ ಅಷ್ಟು ಸರಕಾರಕ್ಕ ಬಿಟ್ಟೇನ್ರಿ. ಉಳದದ್ದು ನನಗ ಇರಲಿ."

ರಜೆ

ಮದುವೆಗೆ ನಾಲ್ಕೇ ದಿನ ಉಳಿಯಿತು. ಲೆಕ್ಕ ಅರ್ಧವೂ ಆಗಿರಲಿಲ್ಲ. ಮದುಮಗ ಬರುತ್ತಾನೋ ಇಲ್ಲೋ ಎಂದು ನಮ್ಮೂರು ಇಂಡಿಯಿಂದ ಅವ್ವ ಹೇಳಿಕಳಿಸಿದ್ದಳು. ನನಗೆ ನಿಜವಾಗಿಯೂ ಅಳು ಬರುವಂತಾಗಿತ್ತು. ಸಾಹೇಬರೋ, ಮುಗಿಸಿದ ತಮ್ಮ ಪಾಲಿನ ಲೆಕ್ಕವನ್ನು ದಿನಾ ಮುಂಜಾನೆ ತಂದು ನನ್ನ ಮುಂದೆ ಆಡಿಸುತ್ತಿದ್ದರು: "ನಿನ್ನಿ ಸಂಜಿಕ ನೀ ಹೋದ ಮ್ಯಾಲ ಈ ಹೊಸಾ ಮಷೀನಿನ ಮುಂದ ಕುಂತು ಮಾಡೀನಿ. ಕೈ ಕುದುರಬೇಕಪಾ."

ಕೈಕಾಲು ಹಿಡಿದಾದರೂ ಕೇಳೋಣವೆಂದು ಬೆಳಿಗ್ಗೆ ಅವರ ಮನೆಗೇ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕರಕರ ಸಪ್ಪಳ. ಆಮೇಲೆ ಯಾರೋ ಮುದುಕ ಕೆಮ್ಮಿದ.

ಆ ಕೆಮ್ಮು ನನಗೆ ಗೊತ್ತಿರದ್ದೇ? ಇಣುಕಿದೆ. ಸಾಹೇಬರು ಬನಿಯನ್ನಿನಲ್ಲಿ ನೆಲದ ಮೇಲೆ ಕುಳಿತು, ವಿಜಾಪುರಕ್ಕೆ ಹೋಗಿದ್ದ ಹಳೆಯ ಮಷೀನಿನ ಹಿಡಿಕೆಯನ್ನು ಬೆವರಿಳಿಸಿಕೊಂಡು ತಿರುವುತ್ತಿದ್ದರು. ನನ್ನನ್ನು ಕಂಡು ಹಿಡಿಕೆ ಬಿಟ್ಟರು.

"ರಜಾ ಎಷ್ಟ ದಿನ ಬೇಕು?"

"ನಾಕ ದಿನರಿ."

"ಎಂಟ ತೊಗೊ."

ನಾನು ಅಲ್ಲೇ ನಿಂತೆ.

"ಮತ್ತ್ಯಾಕ ನಿಂತಿ?"

"ನನ್ನ ಲೆಕ್ಕ ಇನ್ನೂ ಉಳದೈತ್ರಿ."

ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇಲ್ಲಿ ತಂದ ಇಡು. ನಾನ ಮುಗಸ್ತೇನಿ."

"ಆದ್ರ ಇದರಾಗ ಎಂಟ ಅಂಕಿ ಬರತಾವ್ರಿ. ನೀವು ಹದಿನಾರು ಬೇಕಂತೀರಿ."

"ಉಳದ ಎಂಟಕ್ಕ ಸೊನ್ನಿ ಹಾಕ್ತೇನಿ," ಎಂದರು. "ನೀ ಹೋಗಿ ಅಕ್ಷತಿ ಹಾಕಿಸ್ಕೊಂಡ ಬಾ."