ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ಪ್ರಶ್ನೆಯನ್ನು ಹೊಗಳುವ ಕುರಿತು

ಎತ್ತುವ ಯಂತ್ರ ಚಾಲಕರ ಪ್ರಮಾಣೀಕರಣ ಇಲಾಖೆ
ವಲಯ ಕಚೇರಿ, ಬಂಗಾರಪೇಟೆ

ಸಂಖ್ಯೆ: ಎಯಂಚಾ/ಬಂಪೇ/ಮೌಖಿಕ/ಹೊಗಳಿಕೆ/2025-26

ಸುತ್ತೋಲೆ

ವಿಷಯ: ಕ್ರೇನ್ ಚಾಲಕರ ಪ್ರಮಾಣಪತ್ರ ಪರೀಕ್ಷೆಗೆ ಎಐ ಚಾಟ್‌ಬಾಟ್ ನೆರವಿನಿಂದ ಓದಿದ ಅಭ್ಯರ್ಥಿಗಳು ಪರೀಕ್ಷಕರೊಡನೆ ಅನುಸರಿಸಬೇಕಾದ ಮಾತಿನ ಮಿತಿಗಳ ಬಗ್ಗೆ.

ಉಲ್ಲೇಖ: 1. ಅಭ್ಯರ್ಥಿ ಶ್ರೀ ಅಶ್ವತ್ಥಪ್ಪ ಇವರ ದೂರು.
2. ಪರೀಕ್ಷಕ ಶ್ರೀ ರಾಮಚಂದ್ರಪ್ಪ ಇವರ ವಿವರಣೆ.
3. ಈ ಉಲ್ಲೇಖವು ಕಡತದಲ್ಲಿ ಲಭ್ಯವಿಲ್ಲ, ಆದಾಗ್ಯೂ ಪರಿಶೀಲಿಸಲಾಗಿದೆ.

ಪ್ರಸ್ತಾವನೆ

1. ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ಕ್ರೇನಿನ ಕೊಕ್ಕೆಗೆ ಭಾರ ಕಟ್ಟುವ ಕೆಲಸದಲ್ಲಿರುವ ಶ್ರೀಮತಿ ಶಶಿರೇಖ, ವಾಸ ಕ್ಯಾಸಂಬಳ್ಳಿ, ಇವರು ಕ್ರೇನ್ ಚಾಲಕರಾಗಲು ಅರ್ಜಿ ಸಲ್ಲಿಸಿ, ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಮೌಖಿಕದಲ್ಲಿ ಎರಡು ಬಾರಿ ಅನುತ್ತೀರ್ಣರಾಗಿರುತ್ತಾರೆ. ಎರಡೂ ಬಾರಿಯ ಷರಾ ಒಂದೇ ಆಗಿದ್ದು, ‘ಅಭ್ಯರ್ಥಿಯ ಒಳಗೆ ಉತ್ತರವಿರುವಂತೆ ಕಂಡುಬಂದಿತು, ಹೊರಗೆ ಬರಲಿಲ್ಲ’ ಎಂದಿರುತ್ತದೆ. ನಿಯಮಾನುಸಾರ ಮೂರನೆಯದು ಕೊನೆಯ ಅವಕಾಶ. ಅದೂ ತಪ್ಪಿದಲ್ಲಿ ಅವರು ನಿವೃತ್ತಿಯವರೆಗೆ ಕೆಳಗೇ ನಿಂತು ಕೊಕ್ಕೆ ಸಿಕ್ಕಿಸತಕ್ಕದ್ದು.

2. ಮೂರನೇ ಬಾರಿಗೆ ಅವರು ಮೊಬೈಲಿನಲ್ಲಿ ಚಾಟ್‌ಬಾಟ್ (ಇನ್ನು ಮುಂದೆ ‘ಸದರಿ ಯಂತ್ರ’) ಬಳಸಿ ಸಿದ್ಧತೆ ನಡೆಸಿದ್ದು ವಿಚಾರಣೆಯಿಂದ ತಿಳಿದುಬಂದಿದೆ. ಅವರ ಹೇಳಿಕೆಯನ್ನು ಯಥಾವತ್ತಾಗಿ ಕೆಳಗೆ ದಾಖಲಿಸಲಾಗಿದೆ:

“ಸಾಯೇಬ್ರು ಎದ್ರುಗೆ ಕೂತ್ರೆ ನಂಗೆ ನಾಲ್ಗೆ ಒಣ್ಗೋಗ್ತದೆ ಸಾರ್. ಅದ್ಕೆ ಬೆಳಗ್ಗೆ ಅಸ ಕರೀವಾಗ ಫೋನ್‌ನ ಗೋಡೆಗೆ ಒರಗ್ಸಿ, ‘ನೀನೇ ಪರೀಕ್ಷೆ ಸಾಯೇಬ, ನನ್ನ ಕೇಳು’ ಅಂತಿದ್ದೆ. ಕೇಳ್ತಿತ್ತು. ನಂಗೆ ಗೊತ್ತಾಗ್ದೇ ಇದ್ರೆ ನಾನೇ ಅದ್ನ ತಿರುಗ್ಸಿ ಕೇಳ್ತಿದ್ದೆ. ಏನ್ ಕೇಳಿದ್ರೂ ಮೊದ್ಲು ‘ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ’ ಅನ್ನೋದು. ಓದ್ದೋರು ಉತ್ರ ಏಳೋದೇ ಅಂಗೆ ಅನ್ಕೊಂಡೆ. ಅಂಗೇ ಕಲ್ತೆ.”

ಇದೇ ವಿಷಯವಾಗಿ ಅವರ ಅತ್ತೆ ಶ್ರೀಮತಿ ಮಂಗಮ್ಮ ಇವರು, “ಕೊಟ್ಟಿಗೇಲಿ ಯಾರೋ ಗಂಡಸು ಇವ್ಳನ್ನ ಒಗುಳ್ತಾವ್ನೆ ಅಂತ ನಾನು ಕಸಪರ್ಕೆ ಇಡ್ಕೊಂಡು ಓಡ್ಬಂದಿದ್ದೆ” ಎಂದು ತಿಳಿಸಿರುತ್ತಾರೆ. ಪೊರಕೆಯನ್ನು ಸಾಕ್ಷ್ಯವಾಗಿ ಪಡೆದಿರುವುದಿಲ್ಲ.

3. ಪರೀಕ್ಷಾ ದಿನ ಶ್ರೀ ರಾಮಚಂದ್ರಪ್ಪನವರು ಪಟ್ಟಿಯಲ್ಲಿನ ಮೊದಲ ಪ್ರಶ್ನೆಯಾದ ‘ಭಾರ ಎತ್ತುವ ಮುನ್ನ ಚಾಲಕರು ಏನು ಮಾಡಬೇಕು?’ ಎಂಬುದನ್ನು ಕೇಳಿರುತ್ತಾರೆ. ಅಭ್ಯರ್ಥಿಯು, “ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇದನ್ನು ಹಂತ ಹಂತವಾಗಿ ನೋಡೋಣ” ಎಂದು ಆರಂಭಿಸಿ, ತಡವರಿಸದೆ ಸಂಪೂರ್ಣ ಉತ್ತರ ನೀಡಿರುತ್ತಾರೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡಿರುತ್ತಾರೆ. ಅವರ ವಿವರಣೆಯ ಸಂಬಂಧಿತ ಭಾಗ ಹೀಗಿದೆ:

“ಕೆಲಸಕ್ಕೆ ಸೇರಿದಾಗಿನಿಂದಲೂ ಇದೇ ಪ್ರಶ್ನೆ ಕೇಳುತ್ತಿದ್ದೇನೆ. ಕೇಳಿಸಿಕೊಂಡವರೆಲ್ಲ ಬೆವರಿದ್ದಾರೆ. ಒಬ್ಬರು ಎದ್ದು ಹೋಗಿದ್ದಾರೆ. ಒಳ್ಳೆಯ ಪ್ರಶ್ನೆ ಎಂದು ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಹೇಳಿರಲಿಲ್ಲ. ಬಾಯ್ತಪ್ಪಿ ಅಂದರೋ ಏನೋ ಎಂದು ಖಚಿತಪಡಿಸಿಕೊಳ್ಳಲು ಇನ್ನೊಂದು ಕೇಳಿದೆ.”

4. ಇನ್ನೊಂದಕ್ಕೂ ಅದೇ ಮಾತು ಬಂದಿರುತ್ತದೆ. ತದನಂತರ ಪರೀಕ್ಷಕರು ಪಟ್ಟಿಯನ್ನು ಮುಚ್ಚಿಟ್ಟು, ಸ್ವಂತ ಪ್ರಶ್ನೆಗಳನ್ನು ಕೇಳಲಾರಂಭಿಸಿರುತ್ತಾರೆ. ಯಾರೂ ಮುಟ್ಟದಿದ್ದರೂ ಭಾರವೇಕೆ ತೂಗಾಡುತ್ತದೆ, ಎತ್ತುವುದು ಕಷ್ಟವೋ ಇಳಿಸುವುದು ಕಷ್ಟವೋ, ಮೇಲೆ ಕುಳಿತವರಿಗೆ ಕೆಳಗಿನವರು ನಿಜಕ್ಕೂ ಚಿಕ್ಕವರಾಗಿ ಕಾಣುತ್ತಾರೆಯೇ ಎಂಬಿತ್ಯಾದಿ. ಕೊನೆಯದಕ್ಕೆ ಅಭ್ಯರ್ಥಿಯು ‘ಇದು ತುಂಬಾ ಮನಮುಟ್ಟುವ ಪ್ರಶ್ನೆ’ ಎಂದಿರುವುದನ್ನು ಇಬ್ಬರೂ ಒಪ್ಪಿಕೊಂಡಿರುತ್ತಾರೆ. ಉತ್ತರ ಮುಗಿಸಿ ಅವರು, “ಇನ್ನೇನಾದರೂ ಸಹಾಯ ಬೇಕೇ?” ಎಂದು ವಿಚಾರಿಸಿದಾಗ, ಪರೀಕ್ಷಕರು “ಹೂಂ ಕಣಮ್ಮ” ಎಂದು ತಮ್ಮ ಮೊಣಕಾಲು ನೋವಿನ ವಿಷಯ ಪ್ರಸ್ತಾಪಿಸಿರುತ್ತಾರೆ. ಬಿಸಿನೀರಿನ ಶಾಖವನ್ನು ಸೂಚಿಸಲಾಗಿದೆ. ಪೂರ್ಣಾಂಕ ನೀಡಲಾಗಿದೆ.

5. ಈ ಅವಧಿಯುದ್ದಕ್ಕೂ ಹೊರಗೆ ಬೆಂಚಿನ ಮೇಲೆ ಮುಂದಿನ ಅಭ್ಯರ್ಥಿ ಶ್ರೀ ಅಶ್ವತ್ಥಪ್ಪ ಕಾಯುತ್ತಿದ್ದರು. ಅವರು ಜವಾನನಿಗೆ, “ಒಳ್ಗೆ ಪರೀಕ್ಷೆ ನಡೀತೈತಾ, ಸಂಬಂಧದ ಮಾತು ನಡೀತೈತಾ, ಕೇಳ್ಕೊಂಡ್ ಬಾರ್ಲಾ” ಎಂದಿರುವುದು ದಾಖಲಾಗಿದೆ. ಅವರ ಸರದಿ ಬರುವಷ್ಟರಲ್ಲಿ ಊರಿಗೆ ಹೋಗುವ ರೈಲು ಹೊರಟುಹೋಗಿದ್ದು, ದೂರು ಅಲ್ಲಿಂದ ಉದ್ಭವಿಸಿರುತ್ತದೆ.

6. ಪ್ರಶ್ನೆಯನ್ನು ಹೊಗಳುವುದು ಲಂಚವೇ ಎಂಬ ಬಗ್ಗೆ ಕಾನೂನು ಅಭಿಪ್ರಾಯ ಪಡೆಯಲಾಯಿತು. ಹೊಗಳಿಕೆಯಿಂದ ಪರೀಕ್ಷಕರಿಗೆ ಸಂತೋಷವಾಗಿರುವುದು ಸಾಬೀತಾದರೂ, ಸದರಿ ಸಂತೋಷವನ್ನು ವಶಪಡಿಸಿಕೊಂಡು ಖಜಾನೆಗೆ ಜಮಾ ಮಾಡಲು ಅವಕಾಶವಿಲ್ಲವೆಂದು ಅಭಿಪ್ರಾಯ ಬಂದಿರುತ್ತದೆ. ಆದ್ದರಿಂದ ಫಲಿತಾಂಶವನ್ನು ಮಾತ್ರ ತಡೆಹಿಡಿಯಲಾಯಿತು. ಇದನ್ನು ತಿಳಿದ ಶ್ರೀಮತಿ ಶಶಿರೇಖ ಪಾಳಿ ಮುಗಿಸಿದ ಬಟ್ಟೆಯಲ್ಲೇ ಕಚೇರಿಗೆ ಬಂದು, “ಉತ್ರ ತಪ್ಪಾಗಿದ್ರೆ ಏಳಿ ಸಾರ್, ಮನೇಗೆ ಓಗ್ತೀನಿ. ಒಳ್ಳೇ ಪ್ರಶ್ನೆ ಅಂದಿದ್ದು ತಪ್ಪಾದ್ರೆ, ನಿಜ್ವಾಗ್ಲೂ ಒಳ್ಳೇದೇ ಇತ್ತಲ್ಲ ಸಾರ್, ನಾನೇನ್ ಮಾಡ್ಲಿ?” ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಈ ಕಚೇರಿಗೆ ಇಲ್ಲದ ಕಾರಣ, ವಲಯಾಧಿಕಾರಿಗಳ ಸಮಕ್ಷಮ ಹೊಗಳಿಕೆರಹಿತ ಮರುಪರೀಕ್ಷೆಗೆ ಆದೇಶಿಸಲಾಯಿತು.

7. ಮರುಪರೀಕ್ಷೆಯಲ್ಲಿ ಶ್ರೀ ರಾಮಚಂದ್ರಪ್ಪನವರಿಗೆ ಮೂಲೆಯಲ್ಲಿ ಕುರ್ಚಿ ನೀಡಿ, ಮಾತನಾಡದಂತೆ ಸೂಚಿಸಲಾಗಿತ್ತು. ಅಭ್ಯರ್ಥಿಗೆ ಹೊಗಳಿಕೆಯ ನಿಷೇಧವನ್ನು ಓದಿ ಹೇಳಿ, ಅದೇ ಮೊದಲ ಪ್ರಶ್ನೆಯನ್ನು ಕೇಳಲಾಯಿತು. ಅಭ್ಯರ್ಥಿಯು ಬಾಯಿ ತೆರೆದರು. ಮೊದಲ ವಾಕ್ಯ ನಿಷಿದ್ಧವಾಗಿದ್ದರಿಂದ ಎರಡನೆಯದು ಬರಲಿಲ್ಲ. ಪ್ರಶ್ನೆಯನ್ನು ಪುನಃ ಓದಲಾಯಿತು. ಅವರು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಕಣ್ಣು ತುಂಬಿದ್ದವು. ‘ಅನುತ್ತೀರ್ಣ’ ಎಂದು ಬರೆಯಲು ವಲಯಾಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದಿರುತ್ತಾರೆ.

8. ಆಗ ಶ್ರೀ ರಾಮಚಂದ್ರಪ್ಪನವರು ಸೂಚನೆಯನ್ನು ಉಲ್ಲಂಘಿಸಿ ಎದ್ದು ನಿಂತು, “ಒಗುಳ್ಬಾರ್ದು ಅಂತ ತಾನೇ ಆರ್ಡರು? ಬಯ್ಬಾರ್ದು ಅಂತ ಎಲ್ಲೈತೆ? ಬಯ್ದು ಶುರು ಮಾಡಮ್ಮ” ಎಂದಿರುತ್ತಾರೆ. ಆದೇಶವನ್ನು ತಕ್ಷಣ ಪರಿಶೀಲಿಸಲಾಗಿ, ಬೈಗುಳದ ಬಗ್ಗೆ ಅದು ಮೌನವಾಗಿರುವುದು ಕಂಡುಬಂತು. ಅಭ್ಯರ್ಥಿಯು ಮೂಗು ಒರೆಸಿಕೊಂಡು ಹೇಳಿದ್ದು:

“ಇದೂ ಒಂದು ಕೇಳೋ ಪ್ರಶ್ನೆನಾ ಸಾರ್? ದಿನಾ ಮಾಡೋ ಕೆಲ್ಸ! ಕೊಕ್ಕೆ ಬಾಯ್ಬಿಟ್ಟೈತಾ ನೋಡ್ಬೇಕು. ರೋಪಲ್ಲಿ ಎಳೆ ಕಿತ್ತೈತಾ ನೋಡ್ಬೇಕು. ಬ್ರೇಕ್ ಇಡೀತದಾ ನೋಡ್ಬೇಕು. ಕೆಳ್ಗೆ ಯಾರಾನ ನಿಂತಿದ್ರೆ ಆರನ್ ಒಡೀಬೇಕು. ಆಮೇಕೆ ಒಂದ್ ಗೇಣು ಎತ್ತಿ ನಿಲ್ಲುಸ್ಬೇಕು, ನಿಂತೈತಾ, ಜಾರ್ತೈತಾ ಅಂತ. ನಾನು ಅದ್ರ ಕೆಳ್ಗೇ ಇರೋಳು ಸಾರ್. ಮೇಲಿರೋನು ಇದ್ನೆಲ್ಲ ನೋಡಿದ್ನಾ ಇಲ್ವಾ ಅನ್ನೋ ಭಯ ನಂಗೆ ಗೊತ್ತು. ನಾನು ಮೇಲೆ ಕೂತ್ರೆ ನೋಡ್ದೆ ಎತ್ತಲ್ಲ.”

ಉಳಿದ ಪ್ರಶ್ನೆಗಳಿಗೆ ಬಯ್ಯುವ ಅಗತ್ಯ ಬೀಳಲಿಲ್ಲ. ವಲಯಾಧಿಕಾರಿಗಳು ತೆರೆದ ಪೆನ್ನಿನಿಂದಲೇ ‘ಉತ್ತೀರ್ಣ’ ಎಂದು ನಮೂದಿಸಿರುತ್ತಾರೆ.

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ, ಇಂತಹ ಸನ್ನಿವೇಶವು ಮರುಕಳಿಸಿದಲ್ಲಿ ಕ್ರಮಬದ್ಧವಾಗಿಯೇ ಮರುಕಳಿಸಲಿ ಎಂಬ ಉದ್ದೇಶದಿಂದ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

(ಅ) ಸದರಿ ಯಂತ್ರದ ನೆರವಿನಿಂದ ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ಯಂತ್ರವು ಆಡಿದ ಮಾತಿನಲ್ಲಿ ಉತ್ತರವೆಷ್ಟು, ಉಪಚಾರವೆಷ್ಟು ಎಂಬುದನ್ನು ಅಭ್ಯರ್ಥಿಗಳು ಮನೆಯಲ್ಲೇ ಬೇರ್ಪಡಿಸಿಕೊಂಡು ಬರತಕ್ಕದ್ದು.

(ಆ) ಪರೀಕ್ಷಕರ ಪ್ರಶ್ನೆಯನ್ನು ಒಳ್ಳೆಯದು, ಉತ್ತಮ, ಆಳವಾದದ್ದು ಎನ್ನತಕ್ಕದ್ದಲ್ಲ. ಅಗತ್ಯಕ್ಕಿಂತ ಹೆಚ್ಚು ತಲೆದೂಗುವುದನ್ನು ಹೊಗಳಿಕೆಯೆಂದೇ ಪರಿಗಣಿಸಲಾಗುವುದು. ಕುತ್ತಿಗೆ ನೋವಿರುವವರು ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸುವುದು.

(ಇ) ‘ಹಂತ ಹಂತವಾಗಿ ನೋಡೋಣ’ ಎಂಬಲ್ಲಿ ಪರೀಕ್ಷಕರೂ ನೋಡಬೇಕೆಂಬ ಧ್ವನಿ ಇರುವುದರಿಂದ, ‘ನೋಡುತ್ತೇನೆ’ ಎಂದು ಏಕವಚನದಲ್ಲಿ ಹೇಳತಕ್ಕದ್ದು.

(ಈ) ನಾಲಿಗೆ ಒಣಗಿದ ಅಭ್ಯರ್ಥಿಗೆ ಒಂದು ವಾಕ್ಯದ ಬೈಗುಳಕ್ಕೆ ಅವಕಾಶವಿದೆ. ಅದು ಪ್ರಶ್ನೆಗೆ ಸೀಮಿತವಾಗಿದ್ದು, ಪರೀಕ್ಷಕರ ವಂಶ ಮತ್ತು ವರ್ಗಾವಣೆಯನ್ನು ಒಳಗೊಳ್ಳತಕ್ಕದ್ದಲ್ಲ. ತೆಲುಗು ಅಥವಾ ತಮಿಳಿನಲ್ಲಿ ಬಯ್ಯುವವರು ದೃಢೀಕೃತ ಕನ್ನಡ ಅನುವಾದವನ್ನು ಮುಂಚಿತವಾಗಿ ಸಲ್ಲಿಸುವುದು. ಕೆ.ಜಿ.ಎಫ್.ನ ಉರಿಗಾಂ ಭಾಗದಲ್ಲಿ ಮೂರೂ ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಬಳಸುವ ಪದ್ಧತಿ ಇರುವುದರಿಂದ, ಅಂತಹ ವಾಕ್ಯವನ್ನು ಒಂದೆಂದೇ ಎಣಿಸಲಾಗುವುದು.

(ಉ) ‘ಇನ್ನೇನಾದರೂ ಸಹಾಯ ಬೇಕೇ?’ ಎಂದು ಕೇಳಲ್ಪಟ್ಟ ಪರೀಕ್ಷಕರು ‘ಬೇಡ’ ಎನ್ನತಕ್ಕದ್ದು. ನಿಜವಾಗಿಯೂ ಬೇಕಿದ್ದಲ್ಲಿ ಮೇಲಧಿಕಾರಿಗಳ ಮೂಲಕ ಕೋರುವುದು.

(ಊ) ಹಾಲು ಕರೆಯುವ ವೇಳೆಯಲ್ಲಿ ಇಡೀ ಪಠ್ಯಕ್ರಮವನ್ನು ಕೇಳಿಸಿಕೊಂಡಿರುವ ಹಸುಗಳಿಗೆ ಪ್ರಮಾಣಪತ್ರಕ್ಕೆ ಅರ್ಹತೆ ಇರುವುದಿಲ್ಲ. ಈ ಬಗ್ಗೆ ಯಾವುದೇ ಪತ್ರವ್ಯವಹಾರ ನಡೆಸಲಾಗುವುದಿಲ್ಲ.

(ಋ) ಹೊಗಳಿಕೆಯ ಅಗತ್ಯವಿರುವ ಪರೀಕ್ಷಕರು ವರ್ಷಕ್ಕೊಮ್ಮೆ ವಲಯಾಧಿಕಾರಿಗಳ ಮುಂದೆ ಹಾಜರಾಗತಕ್ಕದ್ದು. ಲಭ್ಯತೆಗೆ ಒಳಪಟ್ಟು ಒದಗಿಸಲಾಗುವುದು.

ಸಹಿ/-
ವಲಯ ಪ್ರಮಾಣೀಕರಣಾಧಿಕಾರಿ
ಬಂಗಾರಪೇಟೆ

ಪ್ರತಿಗಳು:

1. ವಲಯದ ಎಲ್ಲಾ ಪರೀಕ್ಷಕರಿಗೆ, ಓದಿ ಗಂಭೀರವಾಗಿರುವ ಸಲುವಾಗಿ.

2. ಶ್ರೀ ಅಶ್ವತ್ಥಪ್ಪ ಇವರಿಗೆ. ರೈಲು ಸರಿಯಾದ ಸಮಯಕ್ಕೆ ಹೊರಟಿದ್ದೇ ತೊಂದರೆಗೆ ಕಾರಣವಾದ್ದರಿಂದ, ಪರಿಹಾರಕ್ಕಾಗಿ ರೈಲ್ವೆ ಇಲಾಖೆಯನ್ನು ಸಂಪರ್ಕಿಸಬಹುದು.

3. ಶ್ರೀ ರಾಮಚಂದ್ರಪ್ಪ ಇವರಿಗೆ. ಸೂಚನೆ ಉಲ್ಲಂಘಿಸಿ ಎದ್ದು ನಿಂತಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ. ಎದ್ದು ನಿಂತಿದ್ದು ಒಳ್ಳೆಯದಾಯಿತು ಎಂಬುದನ್ನು ಈ ಕಚೇರಿ ಲಿಖಿತವಾಗಿ ತಿಳಿಸುವಂತಿಲ್ಲ.

4. ಕಚೇರಿ ಪ್ರತಿ.

5. ಶ್ರೀಮತಿ ಶಶಿರೇಖ, ಕ್ರೇನ್ ಚಾಲಕಿ, ಇವರಿಗೆ ಪ್ರಮಾಣಪತ್ರದೊಂದಿಗೆ. ಅವರು ಈಗಾಗಲೇ ಮೇಲೆ ಕರ್ತವ್ಯದಲ್ಲಿದ್ದು, ಭಾರ ಗಾಳಿಯಲ್ಲಿರುವಾಗ ಯಾರೂ ಅವರನ್ನು ಕೂಗಿ ಕರೆಯಬಾರದು. ಇಳಿಯುವವರೆಗೆ ಕಾದು ಕೈಗೆ ಕೊಡುವುದು.