ಬೆಕ್ಕಿನ ದೇವಿಗೆ ಬೆಳ್ಳಿ ಬಟ್ಟಲು

ನಮ್ಮ ಭಾವನವರಿಗೆ ಮುಕ್ಕೋಟಿ ದೇವತೆಗಳೂ ಸಾಲಲಿಲ್ಲ ಎಂದರೆ ನಂಬುತ್ತೀರಾ? ಅದೂ ಪಕ್ಕಾ ನಾಸ್ತಿಕರಿಗೆ! ಮೈಸೂರಿನಲ್ಲಿ ಮನೆದೇವರಿಗೇ ಕೈಮುಗಿಯದಿದ್ದ ಮನುಷ್ಯ, ಮಸ್ಕತ್ತಿನಿಂದ ಆಫೀಸಿನ ಕೆಲಸಕ್ಕೆಂದು ಕೈರೋಗೆ ಹೋದವರು, ಬೆಕ್ಕಿನ ಮುಖದ ದೇವಿಯ ಭಕ್ತರಾಗಿ ಮರಳಿದರು.

ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಆ ದೇವಿಗೆ ಒಪ್ಪಿಸಿದ ಬೆಳ್ಳಿ ಪಾತ್ರೆಗಳನ್ನು ನೋಡಿದ್ದರಂತೆ. ಮೂರು ಸಾವಿರ ವರ್ಷ ಹಳೆಯವು. ಒಂದು ಹೂಜಿಗೆ ಚಿನ್ನದ ಮೇಕೆಯೇ ಹಿಡಿಕೆ! ಪಾತ್ರೆಗಳ ಮೈಮೇಲೆ ಕೊಟ್ಟವರ ಹೆಸರು, ಅವರಿಗೆ ಆಯಸ್ಸು, ಆರೋಗ್ಯ ಕೊಡೆಂಬ ಬೇಡಿಕೆ. ಮಸ್ಕತ್ತಿನ ಹಮ್ರಿಯಾದಲ್ಲಿದ್ದ ಅವರ ಫ್ಲಾಟಿಗೆ ಯಾರೇ ಬರಲಿ, ಈ ಕಥೆ ಮುಗಿಯದೆ ಕಾಫಿ ಕುಡಿಯುವಂತಿಲ್ಲ.

"ಆ ಕಾಲದ ಈಜಿಪ್ಟಲ್ಲಿ ಬೆಳ್ಳಿ, ಚಿನ್ನಕ್ಕಿಂತ ಅಪರೂಪ ಕಣ್ರೀ."

"ನಮ್ಮನೇಲಿ ಬಿಸಿ ಕಾಫಿ ಅದಕ್ಕಿಂತ ಅಪರೂಪ," ಎನ್ನುವಳು ನನ್ನಕ್ಕ ವೀಣಾ.

ಒಂದು ದಿನ ಮದುವೆಯಲ್ಲಿ ಬಂದ ಬೆಳ್ಳಿ ಬಟ್ಟಲಲ್ಲೇ ಬೀದಿ ಬೆಕ್ಕುಗಳಿಗೆ ಹಾಲಿಟ್ಟರು! ಅಕ್ಕ ಮೂರು ದಿನ ಮಾತು ಬಿಟ್ಟಳು.

ಆಮೇಲೆ ಭಾವನವರಿಗೆ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನ್ ನೋಡಿದ ಡಾಕ್ಟರು, ಲಿವರಿನ ಕ್ಯಾನ್ಸರ್, ಹರಡಿಬಿಟ್ಟಿದೆ ಎಂದರು. "ಖಲಾಸ್ ಅನ್ನಿ," ಎಂದರು ಭಾವ. ಯಾರೂ ನಗಲಿಲ್ಲ.

ಮರುವಾರ ನನ್ನ ಕೈಲಿ ಕಾರು ಓಡಿಸಿಕೊಂಡು ನಿಜ್ವಾ ಊರಿಗೆ ಹೋದರು. ಅಲ್ಲಿ ಬೆಳ್ಳಿ ಕೆಲಸದ ಮುದುಕನೊಬ್ಬನ ಮುಂದೆ ಅದೇ ಬಟ್ಟಲನ್ನೂ ಒಂದು ಚೀಟಿಯನ್ನೂ ಇಟ್ಟು, ಇದನ್ನು ಕೆತ್ತಿಕೊಡು ಎಂದರು. ಯಾರಿಗೆ ಕಾಣಿಕೆ ಎಂದು ಮುದುಕ ಹಿಂದಿಯಲ್ಲಿ ಕೇಳಿದ.

"ಬೆಕ್ಕಿಗೆ!"

ಮುದುಕ ನನ್ನ ಕಡೆ ತಿರುಗಿದ. "ಮಜ್ನೂನ್?"

"ಪೂರ್ತಿ ಹುಚ್ಚು," ಎಂದೆ. ಮೂವರೂ ನಕ್ಕೆವು. ಆಮೇಲೆ ನಾನು ಚೀಟಿ ಓದಿದೆ. 'ವೀಣಾಳಿಗೆ ಆಯಸ್ಸು, ಆರೋಗ್ಯ ಕೊಡು.'

"ಭಾವ, ನಿಮ್ಮ ಹೆಸರು?"

"ನಂದು ಮುಗೀತು ಕಣೋ. ಪಾಪ, ಆ ದೇವೀನ ಯಾಕೆ ಇಕ್ಕಟ್ಟಿಗೆ ಸಿಕ್ಕಿಸ್ಲಿ?"

ಆಸ್ಪತ್ರೆ ಸೇರಿದ ಮೇಲೆ ಬಟ್ಟಲನ್ನು ಅಕ್ಕನ ಕೈಗಿಟ್ಟರು. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಕನ್ನಡ ಬಾರದ ಮುದುಕ ಅಕ್ಷರಗಳನ್ನು ಚಿತ್ರದ ಹಾಗೆ ನೋಡಿ ಕೆತ್ತಿದ್ದ. 'ವೀ' ಹೋಗಿ 'ವಿ' ಆಗಿತ್ತು.

"ದೀರ್ಘ ಬಿಟ್ಟುಹೋಗಿದೆ," ಎಂದಳು. "ತಿದ್ದಿಸ್ಕೊಂಡು ಬನ್ನಿ. ಇನ್ಯಾರನ್ನೂ ಕಳಿಸ್ಬಾರ್ದು. ನೀವೇ ಹೋಗ್ಬೇಕು."

ಆಗ ಅವರಿಗೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. "ಆಯ್ತು, ಹೋಗ್ತೀನಿ," ಎಂದರು. ವಾದ ಮಾಡದೆ ಅವಳ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾಲ್ಕನೆಯ ದಿನ ತೀರಿಕೊಂಡರು.

ಅಂಗಡಿ ನನಗೆ ಗೊತ್ತು, ನಾನೇ ತಿದ್ದಿಸಿ ತರುತ್ತೇನೆ ಎಂದರೆ ಅಕ್ಕ ಬಟ್ಟಲನ್ನು ಕೊಡುವುದಿಲ್ಲ.

"ಬೇಡ ಬಿಡೋ. ಅವ್ರೇ ಹೋಗ್ತೀನಿ ಅಂದಿದಾರೆ."